ಮುನ್ನೂರ ಹದಿನೆಂಟನೇ ದವಡೆ

ದೇಶ ಹೇಗಿದೆ ಅಂತ ತಿಳಿಯಲು ಕೆಲವರು ಪೇಪರ್ ಓದುತ್ತಾರೆ, ಕೆಲವರು ಟೀವಿ ಹಾಕುತ್ತಾರೆ. ನಾನು ಜನರ ದವಡೆ ಹಲ್ಲು ನೋಡುತ್ತೇನೆ. ತಮಾಷೆ ಮಾಡುತ್ತಿಲ್ಲ, ಅದೇ ನನ್ನ ಕೆಲಸ. ಮೂವತ್ತೊಂದು ವರ್ಷದಿಂದ ಹಲ್ಲಿನ ಲ್ಯಾಬೊಂದರ ಒಂದೇ ಮೂಲೆಯಲ್ಲಿ ಕೂತಿದ್ದೇನೆ. ಸ್ಟೂಲು ಎರಡು ಸಲ ಬದಲಾಗಿದೆ, ನಾನು ಬದಲಾಗಿಲ್ಲ. ಹಲ್ಲಿನ ಡಾಕ್ಟರುಗಳು ರೋಗಿಗಳ ಬಾಯಿಂದ ಅಚ್ಚು ತೆಗೆದು ನಮಗೆ ಕಳಿಸುತ್ತಾರೆ. ನಾವು ಅದರೊಳಗೆ ಪ್ಲಾಸ್ಟರ್ ಹೊಯ್ದು ಆ ದವಡೆಯನ್ನು ಇದ್ದದ್ದು ಇದ್ದ ಹಾಗೆ ಮಾಡಿಕೊಂಡು, ಅದರ ಅಳತೆಗೆ ಕ್ಯಾಪು, ಹಲ್ಲುಸೆಟ್ಟು ಎಲ್ಲ ತಯಾರಿಸುತ್ತೇವೆ. ಜನರ ಮುಖ ನಾವು ನೋಡುವುದಿಲ್ಲ, ಹೆಸರೂ ಗೊತ್ತಿರುವುದಿಲ್ಲ. ಅಚ್ಚಿನ ಜೊತೆ ಬರುವ ಚೀಟಿಯಲ್ಲಿ ಒಂದು ನಂಬರು, ಗಂಡೋ ಹೆಣ್ಣೋ, ವಯಸ್ಸೆಷ್ಟು, ಇಷ್ಟೇ. "ಹಲ್ಲು ನೋಡಿ, ಹೆಸರು ನಮಗೆ ಬೇಡ" ಅನ್ನುವುದು ನಮ್ಮ ಯಜಮಾನರ ಕಟ್ಟುನಿಟ್ಟು.

ನಿದ್ದೆಯಲ್ಲಿ ಹಲ್ಲು ಕಡಿಯುವವರಿಗೆ ಅಂತ ನಾವು ಇನ್ನೊಂದು ವಸ್ತು ಮಾಡುತ್ತೇವೆ, ನೈಟ್ ಗಾರ್ಡ್. ಗಾಜಿನ ಹಾಗೆ ಕಾಣುವ ಗಟ್ಟಿ ಪ್ಲಾಸ್ಟಿಕ್ಕಿನ ಕವಚ ಅದು. ಮೇಲಿನ ಹಲ್ಲಿಗೆ ತೊಟ್ಟು ಮಲಗಿದರೆ ರಾತ್ರಿಯೆಲ್ಲ ಹಲ್ಲಿನ ಬದಲು ಅದು ಸವೆಯುತ್ತದೆ. ಮೊದಲೆಲ್ಲ ತಿಂಗಳಿಗೆ ನಾಲ್ಕೋ ಐದೋ ಮಾಡುತ್ತಿದ್ದೆ. ಚುನಾವಣೆ ನಡೆದ ತಿಂಗಳು ಇಪ್ಪತ್ತು ಮಾಡಿದೆ. ಫಲಿತಾಂಶ ಬಂದು, ಅದನ್ನು ಒಪ್ಪುವುದಿಲ್ಲ ಅಂತ ಅರ್ಧ ದೇಶ ಬೀದಿಗಿಳಿದು, ಒಪ್ಪಲೇಬೇಕು ಅಂತ ಉಳಿದರ್ಧ ಅದರ ಎದುರು ನಿಂತು, ಕೊನೆಗೆ ಕೋರ್ಟು ಮೊದಲಿಂದ ಎಣಿಸಿ ಅಂದಾಗ ದಿನಕ್ಕೆ ಆರು ಬರತೊಡಗಿದವು. ಎಣಿಕೆ ನಿಂತಿತು, ಮತ್ತೆ ಶುರುವಾಯಿತು, ಮತ್ತೆ ನಿಂತಿತು. ಏಳು ತಿಂಗಳಾದರೂ ಯಾರು ಗೆದ್ದರು ಅಂತ ಯಾರಿಗೂ ಗೊತ್ತಿರಲಿಲ್ಲ. ಅಷ್ಟರಲ್ಲಿ ಇಡೀ ಊರು ಹಲ್ಲು ಕಡಿದೂ ಕಡಿದೂ ನನ್ನ ಮೇಜಿನ ಮೇಲೆ ಬಂದು ಕೂತಿತ್ತು. ಎರಡೂ ಕಡೆಯವರ ಹಲ್ಲು ಒಂದೇ ತರಹ ಸವೆಯುತ್ತದೆ ಅನ್ನುವುದನ್ನು ಮಾತ್ರ ನಾನು ಖಂಡಿತವಾಗಿ ಹೇಳಬಲ್ಲೆ.

ನಾನು ಯಾವ ಕಡೆ ಅಂತ ಹೇಳುವುದಿಲ್ಲ. ಹೇಳಿದರೆ ನಿಮ್ಮಲ್ಲಿ ಅರ್ಧ ಜನ ನನ್ನ ಜೊತೆ ಮಾತು ಬಿಡುತ್ತೀರಿ. ಹಾಗೆ ಮಾತು ಬಿಟ್ಟವನು ಒಬ್ಬ ಆಗಲೇ ಇದ್ದಾನೆ, ನನಗೆ ಅವನೊಬ್ಬನೇ ಸಾಕು.

ಅವನು ನಮ್ಮಣ್ಣ. ನನಗಿಂತ ನಾಲ್ಕು ವರ್ಷ ದೊಡ್ಡವನು, ಸಿಟಿ ಬಸ್ ಡ್ರೈವರು, ನಲವತ್ತೊಂದನೇ ನಂಬರ್. ಅತ್ತಿಗೆ ತೀರಿಕೊಂಡು ಆರು ವರ್ಷ. ಅವರಿಗೆ ಮಕ್ಕಳಾಗಲಿಲ್ಲ, ನಾನು ಮದುವೆಯಾಗಲಿಲ್ಲ. ಹಾಗಾಗಿ ನಮ್ಮ ಮನೆತನ ಅಂದರೆ ಅಣ್ಣ ತಂಗಿ ನಾವಿಬ್ಬರೇ. ಭಾನುವಾರ ಮಧ್ಯಾಹ್ನ ಅವನ ಮನೆಗೆ ಹೋಗುತ್ತಿದ್ದೆ. ಅವನು ಅಡುಗೆ ಮಾಡುತ್ತಿದ್ದ, ನಾನು ಅದಕ್ಕೆ ಮೂಗು ಮುರಿಯುತ್ತಿದ್ದೆ, ಆಮೇಲೆ ಇಬ್ಬರೂ ಪಾತ್ರೆ ತೊಳೆಯುತ್ತಿದ್ದೆವು. ಇಡೀ ವಾರದಲ್ಲಿ ನಾನು ಜೋರಾಗಿ ನಗುತ್ತಿದ್ದದ್ದು ಆ ಮೂರು ಗಂಟೆಯಲ್ಲಿ ಮಾತ್ರ.

ಮತದಾನ ಮುಗಿದ ಮರುವಾರದ ಭಾನುವಾರ ಊಟದ ನಡುವೆ ಮಾತು ಎಲ್ಲಿಂದಲೋ ಶುರುವಾಗಿ ಎಲ್ಲಿಗೋ ಹೋಯಿತು. ನಿನ್ನಂಥವರಿಂದಲೇ ದೇಶ ಹಾಳಾಗಿದ್ದು ಅಂದ. ದೇಶ ಇರಲಿ, ನಿನ್ನ ತಲೆ ಯಾವಾಗ ಹಾಳಾಯ್ತು ಹೇಳು ಅಂದೆ. ಅವನು ತಟ್ಟೆ ತಳ್ಳಿದ. ನನಗೆ ಅಷ್ಟು ಸಾಕಾಗಿತ್ತು. ಬಾಗಿಲಲ್ಲಿ ನಿಂತು, ಚಪ್ಪಲಿ ಮೆಟ್ಟಿಕೊಳ್ಳುತ್ತಾ, "ನೀನು ಸತ್ತರೂ ಈ ಮನೆಗೆ ಬರಲ್ಲ" ಅಂದೆ. ಸಿಟ್ಟಿನಲ್ಲಿ ಬಾಯಿ ತಪ್ಪಿ ಬಂದ ಮಾತು ಅಂತ ಹೇಳಿಕೊಳ್ಳಬಹುದಿತ್ತು. ಆದರೆ ನನ್ನ ಬಾಯಿ ನನಗೆ ಗೊತ್ತು. ಅವನಿಗೆ ನೋಯಲಿ ಅಂತಲೇ ಹುಡುಕಿ ಆರಿಸಿ ಅಂದ ಮಾತು ಅದು.

ಅವತ್ತಿನಿಂದ ನಾನು ಕೆಲಸಕ್ಕೆ ಹೋಗುವ ದಾರಿ ಬದಲಾಯಿಸಿದೆ. ನಲವತ್ತೊಂದು ಹತ್ತಿದರೆ ನೇರ ಇಪ್ಪತ್ತು ನಿಮಿಷ. ಅವನ ಮುಖ ನೋಡಬೇಕಾಗುತ್ತದಲ್ಲ ಅಂತ ಎರಡು ಬಸ್ ಬದಲಾಯಿಸಿ, ಮಾರುಕಟ್ಟೆ ಸುತ್ತಿ, ಮುಕ್ಕಾಲು ಗಂಟೆ ನಿಂತುಕೊಂಡು ಹೋಗತೊಡಗಿದೆ. ಹಟಕ್ಕೆ ಬಿದ್ದರೆ ನಾವಿಬ್ಬರೂ ಕಾಲು ನೋವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವವರಲ್ಲ.

ಹಗಲು ಹೇಗೋ ಕಳೆಯುತ್ತಿತ್ತು. ರಾತ್ರಿ ಮಾತ್ರ ನಿದ್ದೆ ಕೈಕೊಟ್ಟಿತು. ನನ್ನದು ಮೂರನೇ ಮಹಡಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಹತ್ತಕ್ಕೆ ಸುದ್ದಿ ಕೇಳಿ ದೀಪ ಆರಿಸುತ್ತಿದ್ದೆ. ಹನ್ನೊಂದಕ್ಕೆ ಏನಾದರೂ ಆಗಿರಬಹುದು ಅಂತ ಮತ್ತೆ ಫೋನು ನೋಡುತ್ತಿದ್ದೆ. ಏನೂ ಆಗಿರುತ್ತಿರಲಿಲ್ಲ, ಆದರೂ ಇನ್ನೊಂದು ಸಲ ನೋಡುತ್ತಿದ್ದೆ. ಎರಡು ಗಂಟೆಗೆ ಎದ್ದು ಕಿಟಕಿಯ ಹತ್ತಿರ ನಿಂತರೆ ಎದುರಿನ ಕಟ್ಟಡದಲ್ಲಿ ಹನ್ನೊಂದು ಕಿಟಕಿಗಳಲ್ಲಿ ಬೆಳಕಿರುತ್ತಿತ್ತು. ಒಂದರಲ್ಲಿ ಬನಿಯನ್ ಹಾಕಿಕೊಂಡ ಗಂಡಸೊಬ್ಬ ಟೀವಿಯ ಮುಂದೆ ನಿಂತೇ ಇರುತ್ತಿದ್ದ, ಕೂರುತ್ತಿರಲಿಲ್ಲ. ಇನ್ನೊಂದರಲ್ಲಿ ಒಬ್ಬಾಕೆ ಮೇಜು ಒರೆಸಿದ್ದನ್ನೇ ಒರೆಸುತ್ತಿದ್ದಳು. ಅವರೂ ನನ್ನನ್ನು ನೋಡಿರಬೇಕು. ಒಬ್ಬರೂ ಕೈ ಬೀಸಲಿಲ್ಲ, ನಾನೂ ಬೀಸಲಿಲ್ಲ. ಆಚೆಯವರು ಯಾವ ಕಡೆಯವರೋ ಯಾರಿಗೆ ಗೊತ್ತು. ಅಷ್ಟೊಂದು ಜನ ಒಟ್ಟಿಗೆ ಎಚ್ಚರವಿದ್ದು ನಾನು ಅಷ್ಟು ಒಂಟಿಯಾಗಿದ್ದದ್ದು ಹಿಂದೆಂದೂ ಇಲ್ಲ.

ಮಲಗಿದರೆ ಅಣ್ಣನ ಜೊತೆ ವಾದ. ಅವನಿಲ್ಲದಿದ್ದರೇನಂತೆ, ಅವನ ಮಾತನ್ನೂ ನಾನೇ ಆಡಿ, ಅದಕ್ಕೆ ತಕ್ಕ ಉತ್ತರವನ್ನೂ ನಾನೇ ಕೊಟ್ಟು, ಅವನು ಮುಖ ಕೆಂಪಗೆ ಮಾಡಿಕೊಂಡ ಅಂತ ಕತ್ತಲಲ್ಲಿ ಖುಷಿಪಡುತ್ತಿದ್ದೆ. ಐದು ನಿಮಿಷದ ಖುಷಿ. ಆಮೇಲೆ ಬೆಳಗಾಗುವ ತನಕ ದವಡೆ ಬಿಗಿದುಕೊಂಡು ಚಾವಣಿ ನೋಡುವುದು. ಹಲ್ಲಿನ ಕೆಲಸದವಳಿಗೆ ತನ್ನ ದವಡೆ ಯಾಕೆ ನೋಯುತ್ತಿದೆ ಅಂತ ಬೇರೆಯವರು ಹೇಳಬೇಕಿಲ್ಲ. ಆದರೂ ನನಗೆ ಗಾರ್ಡ್ ಮಾಡಿಕೊಳ್ಳಲಿಲ್ಲ. ಸರ್ಕಾರಗಳಿಗೆ ಹೆದರಿ ಹಲ್ಲು ಕಡಿಯುವವಳು ನಾನಲ್ಲ ಅಂತ ನನ್ನ ಮುಂದೆಯೇ ಜಂಬ.

ಒಂದು ಗುರುವಾರ ಬೆಳಗ್ಗೆ ಮುನ್ನೂರ ಹದಿನೆಂಟನೇ ನಂಬರಿನ ಅಚ್ಚು ಬಂತು. ಗಂಡು, ಐವತ್ತೆಂಟು. ಪ್ಲಾಸ್ಟರ್ ಹೊಯ್ದು, ಗಟ್ಟಿಯಾದ ಮೇಲೆ ಬಿಡಿಸಿ, ಅಂಚು ಉಜ್ಜಿ, ಅಂಗೈ ಮೇಲೆ ಇಟ್ಟುಕೊಂಡೆ.

ಮೇಲಿನ ಎಡ ಬಾಚಿಹಲ್ಲಿನ ಮೂಲೆ ಓರೆಯಾಗಿ ಮುರಿದಿತ್ತು. ಅದನ್ನು ಮುರಿದದ್ದು ನಾನು. ನನಗೆ ಐದು ವರ್ಷ, ಅಣ್ಣನಿಗೆ ಒಂಬತ್ತು. ಅವನು ಅಟ್ಟಿಸಿಕೊಂಡು ಬರುತ್ತಿದ್ದಾಗ ಕಬ್ಬಿಣದ ಗೇಟನ್ನು ಎಳೆದು ಹಾಕಿದ್ದೆ. ಅಮ್ಮ ಕೇಳಿದಾಗ ಬಿದ್ದೆ ಅಂದಿದ್ದ, ನನ್ನ ಹೆಸರು ಹೇಳಿರಲಿಲ್ಲ. ಅದರ ಪಕ್ಕದ ಹಲ್ಲು ಒಂಚೂರು ಹಿಂದೆ ಸರಿದಿತ್ತು. ಆ ಅಗಲವಾದ, ಮುಂದೆ ಚಚ್ಚೌಕವಾಗಿ ಬಾಗುವ ದವಡೆ ಅಪ್ಪನದು. ನನಗೂ ಅದೇ ಬಂದಿದೆ, ಹೆಣ್ಣುಮಕ್ಕಳಿಗೆ ಒಪ್ಪುವುದಿಲ್ಲ ಅಂತ ಸೋದರತ್ತೆಯರಿಂದ ಸಾಕಷ್ಟು ಮಾತು ಕೇಳಿದ್ದೇನೆ. ಮುಖ ಮರೆತರೂ ಮರೆಯಬಹುದು, ಈ ದವಡೆಯನ್ನು ನಾನು ಕತ್ತಲಲ್ಲೂ ಗುರುತು ಹಿಡಿಯುತ್ತೇನೆ.

ಮುರುಕು ಹಳೆಯದು, ಉಳಿದದ್ದೆಲ್ಲ ಹೊಸದು. ಕೋರೆಹಲ್ಲಿನ ತುದಿ ಇಲ್ಲವೇ ಇಲ್ಲ. ದವಡೆ ಹಲ್ಲುಗಳ ಏರುತಗ್ಗೆಲ್ಲ ಮಾಯವಾಗಿ ನೆಲದ ಹಾಸುಗಲ್ಲಿನ ಹಾಗೆ ಚಪ್ಪಟೆಯಾಗಿದ್ದವು. ಹೀಗೆ ಸವೆಯಲು ಒಂದೆರಡು ವಾರ ಸಾಲದು. ತಿಂಗಳುಗಟ್ಟಲೆ ರಾತ್ರಿಯೆಲ್ಲ ಕಡಿದಿರಬೇಕು. ಅಂಥ ಬಾಯಿಯವರಿಗೆ ನಿದ್ದೆ ಎಷ್ಟು ಸಿಗುತ್ತದೆ ಅಂತ ನನಗೆ ಗೊತ್ತು. ಬೆಳಗ್ಗೆ ಎದ್ದಾಗ ಕಿವಿಯಿಂದ ಕತ್ತಿನ ತನಕ ಸೆಳೆತ, ಕಣ್ಣಲ್ಲಿ ಮರಳು. ಆ ಕಣ್ಣಿಟ್ಟುಕೊಂಡು ಅವನು ಅರವತ್ತು ಜನರನ್ನು ಕೂರಿಸಿಕೊಂಡು ಸೇತುವೆ ದಾಟಬೇಕು.

"ಯಾಕ್ರೀ, ಬೆವರ್ತಿದ್ದೀರಿ?" ಅಂತ ಯಜಮಾನರು ಕನ್ನಡಕದ ಮೇಲಿಂದ ಕೇಳಿದರು.

"ಪ್ಲಾಸ್ಟರ್ ಬಿಸಿ" ಅಂದೆ. ಪ್ಲಾಸ್ಟರ್ ತಣ್ಣಗಾಗಿ ಗಂಟೆಯಾಗಿತ್ತು.

ಅವತ್ತು ಸಂಜೆ ಅವನ ನಂಬರು ಒತ್ತಿ, ಒಂದು ಸಲ ರಿಂಗಾಗುವ ಮೊದಲೇ ಕಟ್ ಮಾಡಿದೆ. ಏನಂತ ಹೇಳುವುದು? ನಿನ್ನ ಹಲ್ಲು ನೋಡಿದೆ, ಅಯ್ಯೋ ಅನ್ನಿಸ್ತು ಅಂತಲೇ? ಮೊದಲು ಮಾತಾಡಿದವರು ಸೋತಂತೆ ಅನ್ನುವುದು ಚಿಕ್ಕಂದಿನಿಂದ ನಮ್ಮ ನಡುವಿನ ಕಾಯಿದೆ. ಹಾಗಾಗಿ ಬಾಯಲ್ಲಿ ಹೇಳಲಾಗದ್ದನ್ನು ಕೈಯಲ್ಲಿ ಮಾಡಿದೆ. ಒಂದು ದಿನದ ಕೆಲಸಕ್ಕೆ ಮೂರು ದಿನ ತೆಗೆದುಕೊಂಡೆ. ಎಲ್ಲಿಯೂ ಚುಚ್ಚಬಾರದು, ಎಲ್ಲ ಹಲ್ಲೂ ಒಂದೇ ಸಮ ಕೂರಬೇಕು ಅಂತ ತೇಯ್ದೆ, ಒರೆಸಿದೆ, ಮತ್ತೆ ತೇಯ್ದೆ. ಶನಿವಾರ ರಾತ್ರಿ ನನ್ನದೇ ಒಂದು ದವಡೆ ಹಲ್ಲು ಚೂರು ಹಾರಿ ಬಾಯಿಗೆ ಬಂದಾಗ ನನ್ನ ಜಂಬವೂ ಇಳಿಯಿತು. ಸೋಮವಾರ ಬೇಗ ಹೋಗಿ ಯಜಮಾನರು ಬರುವ ಮೊದಲೇ ನನ್ನ ಅಚ್ಚು ನಾನೇ ತೆಗೆದುಕೊಂಡು, ಅವನ ಗಾರ್ಡಿನ ಜೊತೆಗೇ ನನ್ನದೂ ಒಂದು ಮಾಡಿದೆ.

ನಮ್ಮಲ್ಲಿ ಒಂದು ನಿಯಮವಿದೆ. ನಂಬರಿನ ಚೀಟಿ ಅಂಟಿಸುವುದು ಡಬ್ಬಿಗೆ, ಗಾರ್ಡಿಗಲ್ಲ. ಅದಕ್ಕೇ ಒಂದು ಬಟ್ಟಲು ನೀರಿನಲ್ಲಿ ಒಂದೇ ಗಾರ್ಡ್ ತೊಳೆಯಬೇಕು. ಹೊಸದಾಗಿ ಸೇರಿದವರಿಗೆ ನಾನೇ ಇದನ್ನು ತಲೆಯ ಮೇಲೆ ಮೊಟಕಿ ಕಲಿಸುತ್ತೇನೆ. ಅವತ್ತು ಎರಡು ಗಂಟೆಯ ನಿದ್ದೆಯಲ್ಲಿ ಬಂದಿದ್ದ ನಾನು ಎರಡನ್ನೂ ಒಂದೇ ಬಟ್ಟಲಿಗೆ ಹಾಕಿದೆ, ಒಂದನ್ನು ಎತ್ತಿ ಮುನ್ನೂರ ಹದಿನೆಂಟರ ಡಬ್ಬಿಗಿಟ್ಟು ಕ್ಲಿನಿಕ್ಕಿಗೆ ಕಳಿಸಿದೆ, ಇನ್ನೊಂದನ್ನು ಕರವಸ್ತ್ರದಲ್ಲಿ ಸುತ್ತಿ ಮನೆಗೆ ತಂದೆ.

ರಾತ್ರಿ ತೊಟ್ಟಾಗ ಅದು ಸರಿಯಾಗಿ ಕೂರಲಿಲ್ಲ. ಹಿಂದೆ ಸಡಿಲ, ಮುಂದೆ ಬಿಗಿ. ನಿದ್ದೆಗೆಟ್ಟವಳು ಮಾಡಿದರೆ ಇನ್ನೇನಾದೀತು ಅಂತ ಗೊಣಗಿ, ಒತ್ತಿ ಕೂರಿಸಿ ಮಲಗಿದೆ. ಅವನಿಗೆ ಏನೋ ಒಂದು ಮಾಡಿ ಕಳಿಸಿದೆನಲ್ಲ ಅನ್ನುವ ಸಮಾಧಾನವಿತ್ತು. ಅವತ್ತು ಸುದ್ದಿ ನೋಡಲಿಲ್ಲ. ಹನ್ನೊಂದಕ್ಕೆ ಕಣ್ಣು ಮುಚ್ಚಿದವಳಿಗೆ ಎಚ್ಚರವಾದಾಗ ಬೆಳಕು ಹರಿದಿತ್ತು. ಏಳು ತಿಂಗಳಲ್ಲಿ ಮೊದಲ ಸಲ.

ಖುಷಿಯಿಂದ ಗಾರ್ಡನ್ನು ನಲ್ಲಿಯ ಕೆಳಗೆ ಹಿಡಿದು ಒಳಗೆ ಹೆಬ್ಬೆರಳು ಆಡಿಸಿದೆ. ಎಡಗಡೆ ಬಾಚಿಹಲ್ಲಿನ ಗುಳಿಯ ಒಂದು ಮೂಲೆ ಓರೆಯಾಗಿ ಬೆರಳಿಗೆ ಸಿಕ್ಕಿತು. ನನ್ನ ಬಾಚಿಹಲ್ಲು ನೆಟ್ಟಗಿದೆ. ನಾನು ರಾತ್ರಿಯೆಲ್ಲ ಮಲಗಿದ್ದದ್ದು ಅಣ್ಣನ ಹಲ್ಲು ಬಾಯಲ್ಲಿಟ್ಟುಕೊಂಡು.

ಎಂಟೂವರೆಗೆ ಕ್ಲಿನಿಕ್ಕಿನ ಬಾಗಿಲು ತೆರೆಯುವುದನ್ನೇ ಕಾದು ಫೋನು ಮಾಡಿದೆ.

"ಮುನ್ನೂರ ಹದಿನೆಂಟಾ? ಅವ್ರು ನಿನ್ನೆ ಸಂಜೆನೇ ತಗೊಂಡು ಹೋದ್ರಲ್ಲ ಮೇಡಂ" ಅಂದಳು ಅಲ್ಲಿಯ ಹುಡುಗಿ. "ಡಾಕ್ಟ್ರು ಎದ್ದು ಹೋಗಿದ್ರು. ನಾಳೆ ಬನ್ನಿ, ಹಾಕಿ ನೋಡ್ತಾರೆ ಅಂದೆ. ನಾನೇ ಹಾಕ್ಕೋತೀನಿ ಬಿಡಮ್ಮ, ಇವತ್ತಾದ್ರೂ ಮಲಗ್ಬೇಕು ಅಂದ್ರು. ಯಾಕೆ, ಏನಾದ್ರೂ ತೊಂದ್ರೆನಾ?"

"ಏನಿಲ್ಲ" ಅಂದೆ. ಇವತ್ತಾದರೂ ಮಲಗಬೇಕು ಅಂದಿದ್ದವನ ಬಾಯಲ್ಲಿ ರಾತ್ರಿಯೆಲ್ಲ ನನ್ನ ಗಾರ್ಡ್ ಇತ್ತು.

ಒಂದೇ ರಾತ್ರಿಗೆ ದವಡೆಗೇನೂ ಆಗುವುದಿಲ್ಲ. ಸರಿಯಾದದ್ದನ್ನು ಕ್ಲಿನಿಕ್ಕಿಗೆ ಕಳಿಸಿದ್ದರೆ ಸಾಕಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ನಿಜ ಹೇಳಬೇಕೆಂದರೆ ನನಗೊಂದು ನೆಪ ಬೇಕಿತ್ತು. ಏಳು ತಿಂಗಳು ಹುಡುಕಿದರೂ ಸಿಗದ ನೆಪ ಈಗ ಕರವಸ್ತ್ರದಲ್ಲಿ ಸುತ್ತಿ ಕೈಯಲ್ಲಿತ್ತು. ಮೈ ಸರಿಯಿಲ್ಲ ಅಂತ ಯಜಮಾನರಿಗೆ ಸುಳ್ಳು ಹೇಳಿದೆ. ಮಧ್ಯಾಹ್ನ ಅವನ ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ ಅಂತ ನನಗೆ ಬಾಯಿಪಾಠ. ನಲವತ್ತೊಂದರ ಸ್ಟಾಪಿನಲ್ಲಿ ಹೋಗಿ ನಿಂತೆ.

ಅವತ್ತು ಬೀದಿ ವಿಚಿತ್ರವಾಗಿತ್ತು. ಎಣಿಕೆ ಮುಗಿದಿದೆ, ಮಧ್ಯಾಹ್ನ ಮೂರಕ್ಕೆ ಕೊನೆಯ ಫಲಿತಾಂಶ ಅಂತ ಬೆಳಗ್ಗೆಯೇ ಹೇಳಿದ್ದರು. ಅರ್ಧ ಅಂಗಡಿಗಳು ಬಾಗಿಲೆಳೆದಿದ್ದವು. ಮೂಲೆಯಲ್ಲಿ ಪೊಲೀಸ್ ವ್ಯಾನು. ಸ್ಟಾಪಿನಲ್ಲಿದ್ದ ನಾಲ್ಕು ಜನರೂ ಒಬ್ಬರಿಂದೊಬ್ಬರು ನಾಲ್ಕು ಹೆಜ್ಜೆ ದೂರ ನಿಂತು ತಂತಮ್ಮ ಫೋನು ನೋಡುತ್ತಿದ್ದರು. ಎಲ್ಲರ ಕಣ್ಣ ಕೆಳಗೂ ಕಪ್ಪು.

ಬಸ್ಸು ಬಂತು. ಡ್ರೈವರ್ ಸೀಟಿನಲ್ಲಿ ದಪ್ಪ ಕನ್ನಡಕದ ಹೆಂಗಸೊಬ್ಬಳಿದ್ದಳು. ಹತ್ತಿ, ಅವಳ ಹಿಂದಿನ ಕಂಬಿ ಹಿಡಿದು, ಅಣ್ಣನ ಗುರುತು ಹೇಳಿ ಕೇಳಿದೆ. "ಎತ್ತರ ಇದ್ದಾರೆ, ಮುಂದಿನ ಹಲ್ಲು ಮುರಿದಿದೆ. ಇದೇ ಗಾಡಿ ಅವರದು."

"ಓ, ಅವ್ರಾ? ಅವ್ರು ಸ್ಟೇರಿಂಗ್ ಬಿಟ್ಟು ನಾಲ್ಕು ತಿಂಗಳಾಯ್ತಲ್ಲ. ಈಗ ಡಿಪೋದಲ್ಲಿ ಗಾಡಿ ತೊಳೀತಾರೆ" ಅಂದಳು. ಕನ್ನಡಿಯಲ್ಲಿ ನನ್ನನ್ನು ನೋಡಿದಳು. "ನೀವು ಅವ್ರಿಗೆ ಏನಾಗ್ಬೇಕು?"

"ತಂಗಿ."

ಅವಳು ಗೇರ್ ಬದಲಾಯಿಸಿದಳು. ನಾಲ್ಕು ತಿಂಗಳಿಂದ ಅವನಿಲ್ಲದ ಬಸ್ಸನ್ನು ತಪ್ಪಿಸಿಕೊಳ್ಳಲು ನಾನು ದಿನಾ ಊರು ಸುತ್ತಿದ್ದೆ.

ಎರಡು ಸ್ಟಾಪು ದಾಟಿದ ಮೇಲೆ ಅವಳಾಗಿಯೇ ಹೇಳಿದಳು. "ನಮ್ಮ ಡಿಪೋದಲ್ಲಿ ಒಂದು ಪುಸ್ತಕ ಇದೆ. ಗಾಡಿ ತೆಗೆಯೋ ಮುಂಚೆ ಹಿಂದಿನ ರಾತ್ರಿ ಎಷ್ಟು ಗಂಟೆ ಮಲಗಿದ್ವಿ ಅಂತ ಬರೀಬೇಕು. ಎಲ್ಲರೂ ಏಳು ಅಂತ ಬರೀತೀವಿ. ಈ ಗಲಾಟೆಯಲ್ಲಿ ಯಾರು ಏಳು ಗಂಟೆ ಮಲಗ್ತಾರೆ ಹೇಳಿ? ಆದ್ರೂ ಏಳು. ನಿಮ್ಮಣ್ಣ ಒಂದಿನ ಒಂದೂವರೆ ಅಂತ ಬರೆದ್ರು. ತಿದ್ದಿ ಅಂತ ಎಲ್ಲರೂ ಹೇಳಿದ್ವಿ. ಹಿಂದಿನ ದಿನ ಸೇತುವೆ ಮೇಲೆ ಒಂದು ಕ್ಷಣ ಕಣ್ಣು ಮುಚ್ಚಿ ಹೋಗಿತ್ತಂತೆ. ಯಾರಿಗೂ ಏನೂ ಆಗಿರ್ಲಿಲ್ಲ, ಯಾರಿಗೂ ಗೊತ್ತೂ ಆಗಿರ್ಲಿಲ್ಲ. ಇವ್ರೇ ಹೋಗಿ ಬೀಗದ ಕೈ ಮೇಜಿನ ಮೇಲಿಟ್ಟು ಬಂದ್ರು."

ಮೂವತ್ತೈದು ವರ್ಷ ಆ ಸ್ಟೇರಿಂಗ್ ಹಿಡಿದವನು ಅವನು. ಮನೆಯಲ್ಲಿ ಕುರ್ಚಿಯ ಮೇಲೆ ಕೂತಾಗಲೂ ಬಲಗಾಲು ಬ್ರೇಕಿನ ಮೇಲಿದ್ದ ಹಾಗೆ ಇರುತ್ತಿತ್ತು. ಬೀಗದ ಕೈ ಇಟ್ಟು ಮನೆಗೆ ಹೋದ ಆ ಸಂಜೆ ಅವನು ಯಾರ ಹತ್ತಿರ ಮಾತಾಡಿದ ಅಂತ ಯೋಚಿಸಿದೆ. ಯಾರೂ ಇರಲಿಲ್ಲ, ಇರಬೇಕಾದವಳು ನಾನು. ನನಗೆ ನನ್ನ ಮೇಲೇ ಅಸಹ್ಯವಾಯಿತು.

ಡಿಪೋದ ಹಿಂದಿನ ಅಂಗಳದಲ್ಲಿ ಅವನು ಸಿಕ್ಕಿದ. ಮೊಣಕಾಲಿನ ತನಕ ರಬ್ಬರ್ ಬೂಟು, ಕೈಯಲ್ಲಿ ನೀರಿನ ಪೈಪು. ಅಂಗಿಯೊಳಗೆ ಮೈ ಅರ್ಧ ಆಗಿತ್ತು. ನನ್ನನ್ನು ಕಂಡ ಕೂಡಲೇ ಪೈಪು ಕೆಳಗಿಟ್ಟ. ನೀರು ಬೂಟಿನ ಮೇಲೆಯೇ ಹರಿಯುತ್ತಿತ್ತು.

"ಯಾರಿಗಾದ್ರೂ ಏನಾದ್ರೂ ಆಯ್ತಾ?" ಅಂದ.

"ಯಾರಿದ್ದಾರೆ ನಮಗೆ, ಏನಾದ್ರೂ ಆಗೋಕೆ?" ಅಂದೆ.

ಅವನು ಹೌದಲ್ಲ ಅನ್ನುವ ಹಾಗೆ ತಲೆಯಾಡಿಸಿದ. ನಲ್ಲಿ ನಿಲ್ಲಿಸಿ ಬಂದು ನಾಲ್ಕು ಅಡಿ ದೂರದಲ್ಲಿ ನಿಂತ. ನಾನು ಕರವಸ್ತ್ರ ಬಿಚ್ಚಿ ತೋರಿಸಿದೆ.

"ಬಾಯಿ ತೆಗಿ. ನಿನಗೆ ಕೊಟ್ಟಿರೋದು ನನ್ನದು. ಇದು ನಿನ್ನದು."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಜೇಬಿನಿಂದ ಡಬ್ಬಿ ತೆಗೆದು ನನ್ನ ಕೈಗಿಟ್ಟ. "ಅದಕ್ಕೇ" ಅಂದ. "ರಾತ್ರಿಯೆಲ್ಲಾ ಚುಚ್ತಾ ಇತ್ತು, ಒಂದು ಕ್ಷಣ ಸುಮ್ನಿರಲಿಲ್ಲ. ನಿನ್ನದೇ ಇರಬೇಕು ಅಂತ ನನಗೆ ಹೊಳೀಬೇಕಿತ್ತು."

ನಗು ಬಂತು, ಅದರ ಬೆನ್ನಿಗೇ ಅಳು ಬಂತು. ಎರಡನ್ನೂ ತಡೆದು, ತೊಳೆದು ನಿಲ್ಲಿಸಿದ್ದ ಒಂದು ಬಸ್ಸಿಗೆ ಅವನನ್ನು ಹತ್ತಿಸಿದೆ. ಕೊನೆಯ ಉದ್ದ ಸೀಟಿನಲ್ಲಿ ಕೂರಿಸಿ, ಗಾರ್ಡನ್ನು ಬಾಟಲಿ ನೀರಿನಲ್ಲಿ ಜಾಲಿಸಿ, ಅವನ ಹಲ್ಲಿಗೆ ತೊಡಿಸಿದೆ. ಟಕ್ಕೆಂದು ಕೂತಿತು. ಕಚ್ಚು ಅಂದೆ, ಕಚ್ಚಿದ. ಎಲ್ಲಾದರೂ ತಾಗುತ್ತಾ ಅಂದೆ, ಇಲ್ಲ ಅಂತ ತಲೆಯಾಡಿಸಿದ. ಮೂವತ್ತೊಂದು ವರ್ಷದಲ್ಲಿ ನಾನು ಮಾಡಿದ್ದು ಒಬ್ಬರ ಬಾಯಲ್ಲಿ ಕೂರುವುದನ್ನು ನೋಡಿದ್ದು ಅದೇ ಮೊದಲು.

"ಯಾಕಣ್ಣ ನಿದ್ದೆ ಬರಲ್ಲ? ಸುದ್ದಿ ನೋಡ್ತೀಯಾ?"

"ಮೊದಮೊದಲು ಸುದ್ದಿ" ಅಂದ. ಬಾಯಲ್ಲಿ ಗಾರ್ಡ್ ಇದ್ದದ್ದರಿಂದ ಚಿಕ್ಕ ಮಗುವಿನ ಹಾಗೆ ತೊದಲುತ್ತಿದ್ದ. "ಆಮೇಲೆ ಸುದ್ದಿಗೆ ನೀನೇನಂತೀಯ ಅಂತ ಯೋಚನೆ. ನೀನು ಹೇಳೋದನ್ನೂ ನಾನೇ ಹೇಳಿ, ಅದಕ್ಕೆ ನಾನೇ ಉತ್ತರ ಕೊಟ್ಟು... ಅಷ್ಟರಲ್ಲಿ ಬೆಳಗಾಗ್ತಿತ್ತು."

ಊರಿನ ಎರಡು ತುದಿಯಲ್ಲಿ, ಎರಡು ಕತ್ತಲ ಕೋಣೆಯಲ್ಲಿ, ಏಳು ತಿಂಗಳು ನಾವಿಬ್ಬರೂ ಒಬ್ಬರ ಜೊತೆ ಒಬ್ಬರು ಮಾತಾಡುತ್ತಲೇ ಇದ್ದೆವು.

"ಯಾರು ಗೆಲ್ತಿದ್ದರು?" ಅಂತ ಕೇಳಿದೆ.

"ನೀನೇ. ನನ್ನ ತಲೆಯೊಳಗೂ ನಿನ್ನ ಬಾಯಿ ಮುಚ್ಚಿಸೋಕೆ ಆಗಲಿಲ್ಲ."

"ಗಾಡಿ ಬಿಟ್ಟ ದಿನ ನನಗೊಂದು ಫೋನ್ ಮಾಡಬಾರದಿತ್ತಾ?"

ಅವನು ಕಿಟಕಿಯ ಆಚೆ ನೋಡಿದ. ದನಿಯಲ್ಲಿ ಸಿಟ್ಟಿರಲಿಲ್ಲ. "ಸತ್ತರೂ ಬರಲ್ಲ ಅಂದವಳಿಗೆ ನಿದ್ದೆ ಬರ್ತಿಲ್ಲ ಅಂತ ಹೇಗೆ ಹೇಳ್ಲಿ, ಪುಟ್ಟಿ?"

ಐವತ್ತನಾಲ್ಕು ವರ್ಷದವಳನ್ನು ಪುಟ್ಟಿ ಅನ್ನುವವನು ಈ ಲೋಕದಲ್ಲಿ ಅವನೊಬ್ಬನೇ. ಏಳು ತಿಂಗಳಿಂದ ಆ ಹೆಸರಿನಿಂದ ನನ್ನನ್ನು ಯಾರೂ ಕರೆದಿರಲಿಲ್ಲ. ತಪ್ಪಾಯ್ತು ಅಣ್ಣ ಅಂದೆ. ಬೇಕು ಅಂತಲೇ ಅಂದಿದ್ದೆ, ಅದಕ್ಕೇ ಇಷ್ಟು ದಿನ ಬರಲು ಮುಖವಿರಲಿಲ್ಲ ಅಂದೆ. ನೀನಿಲ್ಲದೆ ಭಾನುವಾರ ಬೆಳಗ್ಗೆ ಎದ್ದರೆ ಮಧ್ಯಾಹ್ನದ ತನಕ ಏನು ಮಾಡಬೇಕು ಅಂತ ತೋಚುವುದಿಲ್ಲ ಅಂದೆ. ಬಹಳ ಮಾತಾಡಿದೆ. ಯಾರನ್ನು ಬೇಕಾದರೂ ಗೆಲ್ಲಿಸಿಕೊ, ನಿನಗೆ ಇಷ್ಟ ಬಂದವರಿಗೆ ಓಟು ಹಾಕು, ನನ್ನ ಜೊತೆ ಮಾತ್ರ ಮಾತಾಡು ಅಂದೆ. ತಿರುಗಿ ನೋಡಿದರೆ ಅವನ ತಲೆ ಕಿಟಕಿಯ ಗಾಜಿಗೆ ಒರಗಿತ್ತು, ಬಾಯಿ ಅರೆ ತೆರೆದಿತ್ತು. ಮಾತು ಎಲ್ಲಿಯ ತನಕ ಕೇಳಿಸಿಕೊಂಡನೋ ಗೊತ್ತಿಲ್ಲ. ಉಸಿರು ನಿಧಾನವಾಗಿ ಏರಿ ಇಳಿಯುತ್ತಿತ್ತು. ದವಡೆ ಸಡಿಲವಾಗಿತ್ತು. ಹಲ್ಲು ಕಡಿಯುವ ಸದ್ದೇ ಇರಲಿಲ್ಲ.

ನಾನು ಅಲ್ಲಾಡದೆ ಕೂತೆ. ಫೋನು ಒಂದು ಸಲ ಗುರ್ ಅಂದಾಗ ಯಾರು ಅಂತಲೂ ನೋಡದೆ ಆಫ್ ಮಾಡಿದೆ. ಅಂಗಳದಲ್ಲಿ ಯಾರೂ ಇರಲಿಲ್ಲ. ಕೆಲಸದವರೆಲ್ಲ ಕ್ಯಾಂಟೀನಿನ ಟೀವಿಯ ಮುಂದೆ ಸೇರಿದ್ದರು. ಬಸ್ಸಿನ ಮುಂದಿದ್ದ ಗಡಿಯಾರದಲ್ಲಿ ಮೂರು ದಾಟಿ ಹತ್ತು ನಿಮಿಷವಾಗಿತ್ತು. ಆಗ ಅಲ್ಲಿಂದ ಒಂದು ದೊಡ್ಡ ಗದ್ದಲ ಎದ್ದಿತು. ಅದು ಹರ್ಷವೋ ಗೋಳೋ ಅಷ್ಟು ದೂರದಿಂದ ತಿಳಿಯಲಿಲ್ಲ, ಎರಡೂ ಇದ್ದಿರಬೇಕು. ನನಗೆ ಹೆದರಿಕೆಯಾಯಿತು. ಇವನು ಎದ್ದಾಗ ನಮ್ಮಿಬ್ಬರಲ್ಲಿ ಒಬ್ಬರು ಸೋತಿರುತ್ತೇವೆ. ಗೆದ್ದದ್ದು ನಾನಾಗಿದ್ದರೆ ನನ್ನ ಬಾಯಿ ಸುಮ್ಮನಿರುತ್ತದೆಯೇ? ಸೋತದ್ದು ನಾನಾಗಿದ್ದರೆ ಅವನ ಮುಖದ ಮೇಲಿನ ನಗು ನನಗೆ ಸಹಿಸಲಾಗುತ್ತದೆಯೇ? ಏಳು ತಿಂಗಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಿದ್ದ ಸುದ್ದಿ ಐವತ್ತು ಹೆಜ್ಜೆ ದೂರದಲ್ಲಿತ್ತು, ನನಗೆ ಎದ್ದು ಹೋಗುವ ಮನಸ್ಸಾಗಲಿಲ್ಲ.

ಯಾರೋ ಓಡಿ ಬರುವ ಸದ್ದಾಯಿತು. ಬಸ್ಸುಗಳು ಹೋಗಿ ಬರುವ ಹೊತ್ತು ಬರೆದಿಡುವ ಡಿಪೋದ ಟೈಮ್ ಕೀಪರ್. ಮುಂಬಾಗಿಲ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, "ಅಣ್ಣೋ, ಎಲ್ಲಿದ್ದೀರಿ? ಬಂತು, ಬಂತು!" ಅಂತ ಕೂಗಿದವರು ನನ್ನನ್ನು ಕಂಡು ನಿಂತರು. ನಾನು ತುಟಿಯ ಮೇಲೆ ಬೆರಳಿಟ್ಟೆ. ಅವರು ಸೀಟಿನ ಮೇಲೆ ಒರಗಿದ್ದವನನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು. ಆ ಮನುಷ್ಯನ ಬಾಯಿ ತುಂಬ ಸುದ್ದಿಯಿತ್ತು, ನುಂಗಲೂ ಆಗದೆ ಉಗುಳಲೂ ಆಗದೆ ಒದ್ದಾಡುತ್ತಿದ್ದರು. ಕಾಲು ತುದಿಯಲ್ಲಿ ಎರಡು ಹೆಜ್ಜೆ ಒಳಗೆ ಬಂದು ಪಿಸುದನಿಯಲ್ಲಿ ಕೇಳಿದರು.

"ನಿಮಗಾದ್ರೂ ಹೇಳ್ಲಾ?"

"ಬೇಡ" ಅಂದೆ. "ಅವನು ಎದ್ದ ಮೇಲೆ ಇಬ್ಬರಿಗೂ ಒಟ್ಟಿಗೆ ಹೇಳಿ."